150 ಸಾಲು ಇಬ್ಬರದ್ದೂ ಒಂದೇ, ಅಂಕ ಮಾತ್ರ ಎರಡೂವರೆ ಪಟ್ಟು!

ಪ್ರಶ್ನೆ: ನಾನು ಸೋಮವಾರಪೇಟೆ ಹತ್ತಿರದ ಹಳ್ಳಿಯವಳು, ಬಿ.ಕಾಂ. ಎರಡನೇ ವರ್ಷ. ಒಂದೂವರೆ ವರ್ಷದಿಂದ ಟೆಟ್ರಿಸ್ ಆಡುತ್ತಿದ್ದೇನೆ, ಅದೇ, ಮೇಲಿನಿಂದ ಬೀಳುವ ಕಾಯಿಗಳನ್ನು ಜೋಡಿಸಿ ಅಡ್ಡಸಾಲು ತುಂಬಿಸಿ ಅಳಿಸುವ ಆಟ. 150 ಸಾಲು ಅಳಿಸಿದರೆ ಮುಗಿಯುವ ಮ್ಯಾರಥಾನ್ ಆಟವನ್ನು ಈಗ ಹೆಚ್ಚುಕಡಿಮೆ ಪ್ರತಿ ಸಲವೂ ಮುಗಿಸುತ್ತೇನೆ. ಆದರೆ ಅಂಕ 1.6 ಲಕ್ಷದ ಆಸುಪಾಸಿನಲ್ಲೇ ನಿಂತುಬಿಟ್ಟಿದೆ. ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗ, ಪಿಯುಸಿ ಹುಡುಗ, ಅದೇ 150 ಸಾಲಿನಲ್ಲಿ 4 ಲಕ್ಷ ದಾಟಿಸುತ್ತಾನೆ. ಎದುರುಬದುರು ಆಡಿದರಂತೂ ಎರಡು ನಿಮಿಷದಲ್ಲಿ ನನ್ನ ಕಥೆ ಮುಗಿಯುತ್ತದೆ. ಬೆರಳಿನ ವೇಗ ಹೆಚ್ಚಿಸಿಕೊಳ್ಳುವುದು ಹೇಗೆ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ಅಭ್ಯಾಸ ಮಾಡುವುದು ಹೇಗೆ?

ಉತ್ತರ: ಬೆರಳಿನ ಮಾತು ಆಮೇಲೆ ನೋಡೋಣ. 150 ಸಾಲು ಮುಗಿಸುತ್ತೀರಿ ಎಂದರೆ 15ನೇ ಮಟ್ಟದ ವೇಗವನ್ನೂ ನಿಮ್ಮ ಬೆರಳು ತಡೆದುಕೊಂಡಿದೆ. ತೊಂದರೆ ಇರುವುದು ವ್ಯಾಪಾರದಲ್ಲಿ. ನೀವು ಸಾಲುಗಳನ್ನು ಅಗ್ಗಕ್ಕೆ ಮಾರುತ್ತಿದ್ದೀರಿ.

ಬಿ.ಕಾಂ. ಓದುವವರ ಮುಂದೆ ಲೆಕ್ಕ ಬಿಚ್ಚಲು ನನಗೇನೂ ಅಳುಕಿಲ್ಲ. ಈಗಿನ ಟೆಟ್ರಿಸ್‌ಗಳ ದರಪಟ್ಟಿ ಹೀಗಿದೆ: ಒಂದು ಸಾಲು ಅಳಿಸಿದರೆ 100, ಒಟ್ಟಿಗೆ ಎರಡಕ್ಕೆ 300, ಮೂರಕ್ಕೆ 500, ಒಂದೇ ಏಟಿಗೆ ನಾಲ್ಕಕ್ಕೆ 800. ಈ ನಾಲ್ಕರ ಏಟಿಗೇ ‘ಟೆಟ್ರಿಸ್’ ಎಂದು ಹೆಸರು. ಬಂದ ಅಂಕವನ್ನು ಆಗ ನೀವಿರುವ ಮಟ್ಟದಿಂದ ಗುಣಿಸುತ್ತಾರೆ. 10 ಸಾಲಿಗೊಂದು ಮಟ್ಟ, ಒಟ್ಟು 15 ಮಟ್ಟ. 1ರಿಂದ 15ರವರೆಗೆ ಕೂಡಿದರೆ 120 ಆಗುತ್ತದೆ. ಈಗ ನೋಡಿ, 150 ಸಾಲನ್ನೂ ಒಂದೊಂದಾಗಿ ಅಳಿಸಿದವರಿಗೆ ಸಿಗುವುದು 1,20,000. ಎರಡೆರಡಾಗಿ ಅಳಿಸಿದರೆ 1,80,000. ಎಲ್ಲವನ್ನೂ ನಾಲ್ಕು ನಾಲ್ಕಾಗಿ ಅಳಿಸಿದರೆ ಸುಮಾರು 2,40,000. ಅಷ್ಟೇ ಅಲ್ಲ, ನಡುವೆ ಬಿಡಿ ಸಾಲು ಅಳಿಸದೆ ಒಂದು ಟೆಟ್ರಿಸ್ ಆದಮೇಲೆ ಇನ್ನೊಂದು ಟೆಟ್ರಿಸ್ ಹೊಡೆದರೆ ಎರಡನೆಯದರಿಂದ ಒಂದೂವರೆ ಪಟ್ಟು ಅಂಕ. ಇದಕ್ಕೆ ಬ್ಯಾಕ್-ಟು-ಬ್ಯಾಕ್ ಎನ್ನುತ್ತಾರೆ. ಆ ಸರಪಳಿ ಕೊನೆಯವರೆಗೂ ಕಡಿಯದಿದ್ದರೆ ಮೊತ್ತ 3,60,000ದ ಹತ್ತಿರಕ್ಕೆ ಹೋಗುತ್ತದೆ.

ಕಾಯಿಯನ್ನು ಸರ್ರನೆ ಕೆಳಕ್ಕೆ ಬಿಟ್ಟರೆ ಅದು ಇಳಿದ ಪ್ರತಿ ಮನೆಗೆ (ಚೌಕಕ್ಕೆ) 2 ಅಂಕದಂತೆ ಸಿಗುವ ಚಿಲ್ಲರೆಯನ್ನೂ ಹಿಡಿಯೋಣ. 150 ಸಾಲೆಂದರೆ ಸಾಲಿಗೆ 10ರಂತೆ 1500 ಮನೆ, ಕಾಯಿಗೆ 4 ಮನೆಯಂತೆ 375 ಕಾಯಿ. ಎಷ್ಟೇ ಜಿಪುಣರಾಗಿ ಕೂಡಿಸಿದರೂ ಅದು ಹತ್ತು ಹನ್ನೆರಡು ಸಾವಿರದಷ್ಟು ಆಗುತ್ತದೆ. ಅದನ್ನು ಕಳೆದರೆ ನಿಮ್ಮದು ಒಂದೂವರೆ ಲಕ್ಷ. ಅಂದರೆ ನಿಮ್ಮ ಆಟವನ್ನು ನಾನು ಕಣ್ಣಿಂದ ನೋಡದೆಯೂ ಹೇಳಬಲ್ಲೆ: ನೀವು ಒಂದು ಎರಡು, ಒಂದು ಎರಡು ಅಂತ ಅಳಿಸುತ್ತಾ ಹೋಗುತ್ತೀರಿ, ಟೆಟ್ರಿಸ್ ಅಪರೂಪ. ತಮ್ಮನದ್ದು 4 ಲಕ್ಷ ದಾಟಿದೆ ಎಂದರೆ ಅವನು ಸರಪಳಿ ಕಾಯ್ದುಕೊಂಡು ಟೆಟ್ರಿಸ್ ಹೊಡೆಯುತ್ತಾನೆ, ಅದರ ಮೇಲೆ ಇನ್ನೊಂದು ವಿದ್ಯೆಯನ್ನೂ ಕಲಿತಿದ್ದಾನೆ. ಅದರ ವಿಷಯ ಮುಂದೆ ಹೇಳುತ್ತೇನೆ. ಒಂದೇ ತೋಟದ ಹಣ್ಣನ್ನು ನೀವು ಹಾಗೇ ಒಣಗಿಸಿ ಚೆರಿ ಎಂದು ತೂಕಕ್ಕೆ ಹಾಕುತ್ತಿದ್ದೀರಿ, ಅವನು ಪಲ್ಪರ್‌ಗೆ ಹಾಕಿ ತೊಳೆದು ಪಾರ್ಚ್‌ಮೆಂಟ್ ಮಾಡಿ ಮಾರುತ್ತಿದ್ದಾನೆ. ಕೆಲಸ ಜಾಸ್ತಿ ಹೌದು, ಬೆಲೆಯೂ ಜಾಸ್ತಿ.

ಇದೇ ಲೆಕ್ಕದೊಳಗೆ ಇನ್ನೊಂದು ಗುಟ್ಟಿದೆ, ಬಹಳ ಜನ ಗಮನಿಸುವುದಿಲ್ಲ. 11ರಿಂದ 15ರವರೆಗಿನ ಐದು ಮಟ್ಟಗಳನ್ನು ಕೂಡಿ ನೋಡಿ: 65. ಮೊದಲ ಹತ್ತು ಮಟ್ಟ ಸೇರಿದರೂ 55. ಅಂದರೆ ಕೊನೆಯ 50 ಸಾಲಿನ ಬೆಲೆ ಮೊದಲ 100 ಸಾಲಿಗಿಂತ ಹೆಚ್ಚು. ಆದರೆ ಎಲ್ಲರೂ ಮಾಡುವುದು ಉಲ್ಟಾ. ನಿಧಾನವಿದ್ದಾಗ ಚೆಂದವಾಗಿ ಕಟ್ಟಿ ಟೆಟ್ರಿಸ್ ಹೊಡೆಯುತ್ತಾರೆ, 10 ದಾಟಿದ ಕೂಡಲೇ ಗಾಬರಿಬಿದ್ದು ಸಿಕ್ಕಿದ ಸಾಲನ್ನೆಲ್ಲ ಒಂದೊಂದಾಗಿ ಅಳಿಸಿ ಜೀವ ಉಳಿಸಿಕೊಳ್ಳುತ್ತಾರೆ. 15ನೇ ಮಟ್ಟದಲ್ಲಿ ಸರಪಳಿಯೊಳಗಿನ ಒಂದು ಟೆಟ್ರಿಸ್‌ಗೆ 18,000. ಅದೇ ನಾಲ್ಕು ಸಾಲನ್ನು ಬಿಡಿಬಿಡಿಯಾಗಿ ಅಳಿಸಿದರೆ 6,000. ಸುಗ್ಗಿಯ ದರ ಇರುವ ದಿನವೇ ಮೂರರಲ್ಲೊಂದು ಬೆಲೆಗೆ ಕೊಟ್ಟ ಹಾಗಾಯಿತು.

ಹಾಗೇಕೆ ಮಾಡುತ್ತೇವೆ? ಹೆದರಿಕೆ. ‘ಕೋಲು ಬರದಿದ್ದರೆ?’ ಎಂಬ ಹೆದರಿಕೆ. ನಾಲ್ಕು ಮನೆ ಉದ್ದದ ಆ ನೇರ ಕಾಯಿಯೊಂದೇ ನಾಲ್ಕು ಸಾಲನ್ನು ಒಟ್ಟಿಗೆ ಅಳಿಸಬಲ್ಲದು. ನನಗಿದು ಚೆನ್ನಾಗಿ ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಮಡಿಕೇರಿ ದಸರೆಗೆ ಹೋದವನು ಮಂಟಪ ನೋಡುವುದಕ್ಕಿಂತ ಮೊದಲು ಒಂದು ಸ್ಟಾಲ್‌ನಲ್ಲಿ ಬ್ರಿಕ್ ಗೇಮ್ ಎಂಬ, ಟೆಟ್ರಿಸ್ ಆಡುವ ಪುಟ್ಟ ಪೆಟ್ಟಿಗೆ ಕೊಂಡಿದ್ದೆ. ‘9999 ಇನ್ 1’ ಎಂದು ಡಬ್ಬಿಯ ಮೇಲೆ ಬರೆದಿತ್ತು, ಒಳಗಿದ್ದದ್ದು ಹತ್ತಿಪ್ಪತ್ತು ಆಟ. ಮನೆಗೆ ಬರುವ ಹೊತ್ತಿಗೆ ಎಡಕ್ಕೆ ಸರಿಸುವ ಗುಂಡಿ ಕೈಕೊಟ್ಟಿತ್ತು. ಅದಿರಲಿ. ಆ ಪೆಟ್ಟಿಗೆಯಲ್ಲಿ ಕಾಯಿಗಳು ಬಾಯಿಗೆ ಬಂದ ಹಾಗೆ ಬೀಳುತ್ತಿದ್ದವು. ಉದ್ದ ಕೋಲಿಗಾಗಿ ಒಂದು ಮನೆ ಅಗಲದ ಖಾಲಿ ಓಣಿ ಬಿಟ್ಟುಕೊಂಡು ಇಪ್ಪತ್ತು ಇಪ್ಪತ್ತೈದು ಕಾಯಿ ಕಾದು ಸತ್ತದ್ದುಂಟು. ಆ ಭಯ ಎಷ್ಟೋ ವರ್ಷ ನನ್ನ ಕೈಯಲ್ಲಿತ್ತು.

ಈಗಿನ ಆಟದಲ್ಲಿ ಆ ಭಯಕ್ಕೆ ಆಧಾರವೇ ಇಲ್ಲ. ಏಳೂ ಕಾಯಿಗಳನ್ನು, ಅಂದರೆ ಆಕಾರ ಹೋಲುವ ಇಂಗ್ಲಿಷ್ ಅಕ್ಷರಗಳ ಹೆಸರಿನ ಐ (ಇದೇ ಕೋಲು), ಓ (ಚೌಕ), ಟಿ, ಎಸ್, ಝಡ್, ಜೆ, ಎಲ್, ಒಂದು ಚೀಲಕ್ಕೆ ಹಾಕಿ ಕಲಕಿ ಒಂದೊಂದಾಗಿ ಕೊಡುತ್ತಾರೆ. ಏಳೂ ಮುಗಿದ ಮೇಲೆ ಮತ್ತೆ ಹೊಸ ಚೀಲ. ಹೀಗಾಗಿ ಒಂದು ಕೋಲಿಗೂ ಇನ್ನೊಂದು ಕೋಲಿಗೂ ನಡುವೆ ಎಷ್ಟೇ ದುರದೃಷ್ಟವಿದ್ದರೂ 12 ಕಾಯಿಗಿಂತ ಹೆಚ್ಚು ಬರಲಾರವು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 70 ಕಾಯಿ ಅಂದರೆ 280 ಮನೆ, ಅಂದರೆ 28 ಸಾಲು, ಅಂದರೆ 7 ಟೆಟ್ರಿಸ್. ಆ 70ರಲ್ಲಿ ಕೋಲುಗಳೇ 10. ಬೇಕಾದದ್ದು 7, ಸಿಗುವುದು 10. ಮೂರು ಕೋಲು ಉಳಿತಾಯ! ಅವನ್ನು ಅಡ್ಡ ಮಲಗಿಸಿ ಮಟ್ಟ ಮಾಡಿಕೊಳ್ಳಬಹುದು, ಇಲ್ಲವೇ ‘ಹೋಲ್ಡ್’ ಮನೆಯಲ್ಲಿ ಎತ್ತಿಟ್ಟುಕೊಳ್ಳಬಹುದು. ‘ಕೋಲೇ ಬರಲಿಲ್ಲ’ ಎಂಬ ದೂರನ್ನು ನಾನೀಗ ಒಪ್ಪುವುದಿಲ್ಲ. ಕೋಲು ಬಂದಾಗ ನಿಮ್ಮ ಓಣಿ ಮುಚ್ಚಿಹೋಗಿತ್ತು, ಅಷ್ಟೇ.

ಹಾಗಾದರೆ ಓಣಿ ಕಾಯುವುದು ಹೇಗೆ? ಹತ್ತು ಕಂಬಗಳಲ್ಲಿ ಬಲತುದಿಯದ್ದನ್ನು (ಎಡಗೈಯವರಾದರೆ ಎಡತುದಿ) ಖಾಲಿ ಬಿಟ್ಟು ಉಳಿದ ಒಂಬತ್ತರ ಮೇಲೆ ಕಟ್ಟಿ. ಕಟ್ಟುವಾಗ ‘ಮಟ್ಟವಾಗಿ ಕಟ್ಟು’ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಪೂರ್ತಿ ಮಟ್ಟ ಮಾಡಿದರೆ ಎಸ್ ಮತ್ತು ಝಡ್ ಕೂರುವುದಕ್ಕೆ ಜಾಗವಿಲ್ಲ, ಇಟ್ಟ ಕೂಡಲೇ ಕೆಳಗೊಂದು ತೂತು. ಎಸ್ ನೆಟ್ಟಗೆ ನಿಲ್ಲಬೇಕಾದರೆ ಎಡಕ್ಕಿಂತ ಬಲ ಒಂದು ಮನೆ ತಗ್ಗಿರಬೇಕು, ಝಡ್‌ಗೆ ಅದರ ಉಲ್ಟಾ. ಆದ್ದರಿಂದ ಮೇಲ್ಮೈಯಲ್ಲಿ ಯಾವಾಗಲೂ ಒಂದು ಕಡೆ ಹತ್ತುವ ಮೆಟ್ಟಿಲು, ಇನ್ನೊಂದು ಕಡೆ ಇಳಿಯುವ ಮೆಟ್ಟಿಲು, ನಡುವೆ ಎರಡು ಮನೆಯಷ್ಟಾದರೂ ಚಪ್ಪಟೆ ಜಾಗ ಇಟ್ಟುಕೊಳ್ಳಿ. ಚಪ್ಪಟೆ ಜಾಗ ಓಗೆ. ಇಷ್ಟಿದ್ದರೆ ಏಳರಲ್ಲಿ ಯಾವ ಕಾಯಿ ಬಂದರೂ ಕೂರಿಸಲು ತಾವಿರುತ್ತದೆ. ಮತ್ತೊಂದು ಎಚ್ಚರಿಕೆ: ಓಣಿ ಬಿಟ್ಟು ಬೇರೆಲ್ಲೂ ಮೂರು ಮನೆ ಆಳದ ಗುಂಡಿ ಬೀಳಬಾರದು. ಎರಡು ಮನೆ ಆಳವನ್ನು ಜೆ ಅಥವಾ ಎಲ್ ಮುಚ್ಚಬಲ್ಲದು, ಮೂರಾದರೆ ಕೋಲೇ ಬೇಕು. ಟೆಟ್ರಿಸ್‌ಗೆಂದು ಇಟ್ಟ ಕೋಲನ್ನು ಗುಂಡಿ ಮುಚ್ಚಲು ಖರ್ಚು ಮಾಡುವುದಕ್ಕಿಂತ ದೊಡ್ಡ ದಂಡ ಈ ಆಟದಲ್ಲಿಲ್ಲ.

ಇದೆಲ್ಲ ನಿಧಾನದಲ್ಲಿ ಸರಿ, 11 ದಾಟಿದ ಮೇಲೆ? ಅಲ್ಲಿ ಕಟ್ಟಡದ ಆಕಾರವೇ ಬದಲಾಗಬೇಕು. 15ನೇ ಮಟ್ಟದಲ್ಲಿ ಕಾಯಿ ಬೀಳುವುದು ಕಾಣುವುದೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನೆಲಕ್ಕೆ ತಾಗಿರುತ್ತದೆ. ಆದರೆ ತಾಗಿದ ಮೇಲೂ ಅಂಟಿಕೊಳ್ಳುವ ಮೊದಲು ಅರ್ಧ ಸೆಕೆಂಡ್ ಅವಕಾಶವಿದೆ, ಸರಿಸಿದರೆ, ತಿರುಗಿಸಿದರೆ ಆ ಅವಕಾಶ ಮತ್ತೆ ಹೊಸದಾಗುತ್ತದೆ. ಹಾಗೆ ಹದಿನೈದು ಸಲ. ಅಂದರೆ ಅಲ್ಲಿ ಕಾಯಿ ಮೇಲಿನಿಂದ ಬೀಳುವುದಲ್ಲ, ನಿಮ್ಮ ಕಟ್ಟಡದ ಮೇಲೆ ಜಾರುವುದು. ಜಾರುವುದು ಇಳಿಜಾರಿನಲ್ಲಿ ಮಾತ್ರ, ಏರು ಬಂದರೆ ನಿಂತುಬಿಡುತ್ತದೆ. ಕಾಯಿ ಹುಟ್ಟುವುದು ನಡುವೆ. ನಡುವೆ ಹಳ್ಳವಿದ್ದರೆ ಅಲ್ಲಿಗೆ ಬಿದ್ದ ಕಾಯಿ ಎರಡೂ ಬದಿಗೆ ಹೋಗಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚುವಾಗ ನಡು ಎತ್ತರಿಸಿ ಬದಿ ತಗ್ಗಿಸುತ್ತೀರಲ್ಲ, ನೀರು ನಿಲ್ಲಬಾರದೆಂದು? ಅದೇ ಆಕಾರ. ನಡುವೆ ಒಂದೆರಡು ಮನೆ ಎತ್ತರ, ಓಣಿಯ ಕಡೆಗೆ ಇಳಿಜಾರು. 10ನೇ ಮಟ್ಟದಲ್ಲಿದ್ದಾಗಲೇ ಈ ಆಕಾರಕ್ಕೆ ಬಂದುಬಿಡಿ, 14ರಲ್ಲಿ ಬರುತ್ತೇನೆಂದರೆ ಆಗುವುದಿಲ್ಲ. ಎತ್ತರ ಹತ್ತು ಸಾಲು ದಾಟಿದರೆ ಸಂಕೋಚಪಡದೆ ಒಂದು ಸಲ ಬಿಡಿ ಸಾಲು ಅಳಿಸಿ. ಸರಪಳಿ ಒಮ್ಮೆ ಕಡಿದರೆ ಹೋಗುವುದು ಮುಂದಿನ ಒಂದು ಟೆಟ್ರಿಸ್‌ನ ಅರ್ಧ ಪಟ್ಟು ಮಾತ್ರ. ಆಟವೇ ಮುಗಿದರೆ ಎಲ್ಲ ಹೋಯಿತು.

ಇನ್ನು ತಮ್ಮನ ಆ ಇನ್ನೊಂದು ವಿದ್ಯೆ. ಅದರ ಹೆಸರು ಟಿ-ಸ್ಪಿನ್. ಟಿ ಕಾಯಿಯನ್ನು ನೇರ ಬೀಳಿಸಿದರೆ ಹೋಗಲಾಗದ ಸಂದಿಗೆ, ಕೊನೆ ಗಳಿಗೆಯಲ್ಲಿ ತಿರುಗಿಸಿ ತುರುಕುವುದು. ಹಾಗೆ ತುರುಕಿ ಎರಡು ಸಾಲು ಅಳಿಸಿದರೆ 300 ಅಲ್ಲ, 1200. ನಾಲ್ಕು ಸಾಲಿನ ಟೆಟ್ರಿಸ್‌ಗಿಂತಲೂ ಹೆಚ್ಚು! ಸರಪಳಿಯಲ್ಲಿದ್ದರೆ 1800. ಟೆಟ್ರಿಸ್ ಮತ್ತು ಸಾಲು ಅಳಿಸುವ ಟಿ-ಸ್ಪಿನ್ ಒಂದೇ ಸರಪಳಿಯ ಕೊಂಡಿಗಳು, ಒಂದರ ಹಿಂದೆ ಇನ್ನೊಂದು ಬಂದರೂ ಕಡಿಯುವುದಿಲ್ಲ.

ಕಾಗದ ತೆಗೆದುಕೊಂಡು ಬರೆದು ನೋಡಿ. 4, 5, 6ನೇ ಕಂಬಗಳು. ಕೆಳಗಿನ ಸಾಲಿನಲ್ಲಿ 5ನೇ ಮನೆಯೊಂದೇ ಖಾಲಿ, ಉಳಿದೆಲ್ಲ ಭರ್ತಿ. ಅದರ ಮೇಲಿನ ಸಾಲಿನಲ್ಲಿ 4, 5, 6 ಮೂರೂ ಖಾಲಿ, ಉಳಿದದ್ದು ಭರ್ತಿ. ಮೂರನೇ ಸಾಲಿನಲ್ಲಿ 4ರ ಮೇಲೆ ಮಾತ್ರ ಒಂದು ಮನೆ ಸೂರಿನಂತೆ ಚಾಚಿಕೊಂಡಿದೆ, 5 ಮತ್ತು 6ರ ಮೇಲೆ ಆಕಾಶ. ಈಗ ಟಿಯನ್ನು ಮೂಗು ಬಲಕ್ಕಿರುವಂತೆ ನೆಟ್ಟಗೆ ನಿಲ್ಲಿಸಿ, ನಡುಕಂಬ 5ರಲ್ಲಿ, ಮೂಗು 6ರಲ್ಲಿ ಇರುವಂತೆ ಇಳಿಸಿ. ತಳ ಮುಟ್ಟಿತೇ? ಈಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಸಲ ತಿರುಗಿಸಿ. ಮೂಗು ಕೆಳಕ್ಕೆ ತಿರುಗಿತು, ಎಡ ತೋಳು ಸೂರಿನ ಕೆಳಗೆ 4ನೇ ಮನೆಯೊಳಕ್ಕೆ ಹೋಯಿತು, ಎರಡು ಸಾಲೂ ಮಾಯ. ಅಟ್ಟದ ಕೆಳಗಿನ ಮೂಲೆಗೆ ಕಡೆಯ ಸೌದೆ ತುಂಡನ್ನು ಓರೆಯಾಗಿ ತೂರಿಸಿ ತಿರುವಿ ಕೂರಿಸುತ್ತಾರಲ್ಲ, ಅದೇ ಕೈಚಳಕ. ಆಟ ಇದನ್ನು ಗುರುತಿಸುವುದು ಹೇಗೆಂದರೆ, ಟಿಯ ನಡುಮನೆಯ ನಾಲ್ಕು ಮೂಲೆಗಳಲ್ಲಿ ಮೂರಾದರೂ ತುಂಬಿರಬೇಕು ಮತ್ತು ಕೊನೆಯ ಚಲನೆ ತಿರುಗಿಸುವುದೇ ಆಗಿರಬೇಕು. ತಿರುಗಿಸಿದ ಮೇಲೆ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿಸಿದಿರೋ, ಅಂಕ ಹೋಯಿತು.

150 ಸಾಲನ್ನೂ ಹೀಗೇ ಅಳಿಸಬಲ್ಲವರಿಗೆ ಲೆಕ್ಕದ ಪ್ರಕಾರ 10 ಲಕ್ಷ ದಾಟುತ್ತದೆ. ಆದರೆ ನೀವೀಗಲೇ ಆ ಆಸೆಗೆ ಬೀಳಬೇಡಿ. ಸೂರು ಕಟ್ಟುವುದೆಂದರೆ ಬೇಕೆಂದೇ ತೂತು ಮಾಡಿದ ಹಾಗೆ. ಟಿ ಎಲ್ಲಿದೆ ಎಂದು ಮುಂದಿನ ಕಾಯಿಗಳ ಪಟ್ಟಿಯಲ್ಲಿ ಕಂಡ ಮೇಲೆ ಮಾತ್ರ ಸೂರು ಹಾಕಿ. ಮೊದಲ ಒಂದು ತಿಂಗಳು ಮ್ಯಾರಥಾನ್‌ಗೆ ಎರಡೋ ಮೂರೋ ಟಿ-ಸ್ಪಿನ್ ಸಾಕು, ಅದೂ 8ನೇ ಮಟ್ಟದೊಳಗೆ.

ಎದುರುಬದುರು ಆಟದಲ್ಲಿ ನೀವು ಸೋಲುತ್ತಿರುವುದೂ ಇದೇ ಕಾರಣಕ್ಕೆ, ಇನ್ನೂ ನಿರ್ದಯವಾಗಿ. ಅಲ್ಲಿ ಅಂಕದ ಬದಲು ಎದುರಾಳಿಯ ಅಂಗಳಕ್ಕೆ ಕಸದ ಸಾಲು ಹೋಗುತ್ತದೆ. ಸಾಮಾನ್ಯವಾಗಿ ಒಂದು ಸಾಲು ಅಳಿಸಿದರೆ ಸೊನ್ನೆ, ಎರಡಕ್ಕೆ 1, ಮೂರಕ್ಕೆ 2, ಟೆಟ್ರಿಸ್‌ಗೆ 4, ಎರಡು ಸಾಲಿನ ಟಿ-ಸ್ಪಿನ್‌ಗೂ 4. ನೀವು ಹತ್ತು ಸಾಲು ಒಂದೊಂದಾಗಿ ಅಳಿಸುವಷ್ಟರಲ್ಲಿ ಅವನಿಗೆ ಏನೂ ಆಗಿರುವುದಿಲ್ಲ, ಅವನು ಎರಡೇ ಏಟಿಗೆ ಎಂಟು ಸಾಲು ನಿಮ್ಮ ಕಾಲಡಿ ತುಂಬಿರುತ್ತಾನೆ. ಆದರೆ ಇಲ್ಲಿ ನಿಮಗೊಂದು ಅಸ್ತ್ರವಿದೆ: ಅವನು ಕಳಿಸಿದ ಕಸ ಪಕ್ಕದ ಪಟ್ಟಿಯಲ್ಲಿ ಕಾದಿರುವಾಗಲೇ ನೀವು ಏಟು ಹೊಡೆದರೆ ಅದು ಇದಕ್ಕೆ ವಜಾ. ಆದ್ದರಿಂದ ಓಣಿ ತಯಾರಿದ್ದು ಕೋಲು ಕೈಯಲ್ಲಿದ್ದರೆ ಒಂದೆರಡು ಕಾಯಿ ತಡೆದು ನೋಡಿ. ಅವನು ಹೊಡೆದ ಮರುಕ್ಷಣ ಹೊಡೆಯಿರಿ. ಅಂಗಳ ಅರ್ಧಕ್ಕಿಂತ ಮೇಲೆ ತುಂಬಿದ್ದರೆ ಮಾತ್ರ ಟೆಟ್ರಿಸ್‌ನ ಆಸೆ ಬಿಟ್ಟು ಕಸದ ತೂತನ್ನು ಹುಡುಕಿ ಅಗೆಯಿರಿ. ಕಸದ ಪ್ರತಿ ಸಾಲಿನಲ್ಲೂ ಒಂದೇ ಮನೆ ಖಾಲಿ ಇರುತ್ತದೆ, ಒಂದೇ ಏಟಿಗೆ ಬಂದ ಸಾಲುಗಳಲ್ಲಿ ಬಹುತೇಕ ಒಂದೇ ಕಂಬದಲ್ಲಿ. ಎಷ್ಟೋ ಸಲ ಅವನ ಕಸವೇ ನಿಮಗೆ ಸಿದ್ಧ ಓಣಿ.

ಈಗ ಬೆರಳು. ನೀವು ವಿಡಿಯೊಗಳಲ್ಲಿ ನೋಡಿರುವುದು ಬಹುಶಃ 1989ರ ನಿಂಟೆಂಡೊ ಟೆಟ್ರಿಸ್. 2010ರಿಂದ ನಡೆಯುತ್ತಿರುವ ಕ್ಲಾಸಿಕ್ ಟೆಟ್ರಿಸ್ ವಿಶ್ವ ಚಾಂಪಿಯನ್‌ಶಿಪ್ ಅದರದ್ದೇ. ಏಳು ಸಲ ಗೆದ್ದ ಜೋನಸ್ ನ್ಯೂಬಾವರ್ ಅವರನ್ನು 2018ರ ಫೈನಲ್‌ನಲ್ಲಿ ಸೋಲಿಸಿದ ಜೋಸೆಫ್ ಸೇಲಿಗೆ ಆಗ 16 ವರ್ಷ. 2023ರ ಡಿಸೆಂಬರ್‌ನಲ್ಲಿ 13ರ ಹುಡುಗ ವಿಲ್ಲಿಸ್ ಗಿಬ್ಸನ್ 157ನೇ ಮಟ್ಟಕ್ಕೆ ಹೋದಾಗ ಆಟವೇ ಸ್ತಬ್ಧವಾಯಿತು. ಅಲ್ಲಿ ಗುಂಡಿ ಒತ್ತಿಹಿಡಿದರೆ ಕಾಯಿ ಪಕ್ಕಕ್ಕೆ ಹೋಗುವುದು ಬಹಳ ನಿಧಾನ, ಅದಕ್ಕೇ ಆ ಹುಡುಗರು ಕಂಟ್ರೋಲರ್‌ನ ಬೆನ್ನನ್ನು ಬೆರಳುಗಳಿಂದ ತಬಲಾದಂತೆ ಬಡಿಯುವುದು. ನಿಮ್ಮ ಆಟಕ್ಕೆ ಅದು ಬೇಡವೇ ಬೇಡ. ಎರಡು ಅಭ್ಯಾಸ ಸಾಕು. ತಿರುಗಿಸಲು ಎಡ, ಬಲ ಎರಡೂ ಗುಂಡಿ ಬಳಸಿ, ಮೂರು ಸಲ ಬಲಕ್ಕೆ ತಿರುಗಿಸುವ ಬದಲು ಒಂದು ಸಲ ಎಡಕ್ಕೆ. ಗೋಡೆಯ ಪಕ್ಕದ ಕಂಬಕ್ಕೆ ಹೋಗಬೇಕಾದರೆ ಎಣಿಸುತ್ತಾ ಒತ್ತಬೇಡಿ, ಗೋಡೆವರೆಗೆ ಒತ್ತಿಹಿಡಿದು ಒಂದು ಹೆಜ್ಜೆ ವಾಪಸು ಬನ್ನಿ. ಫೋನಿಗಿಂತ ಕೀಬೋರ್ಡ್ ಮೇಲು.

ಮಳೆಗಾಲದ ಚಿಂತೆ ಬಿಡಿ, ನಿಜ ಹೇಳಬೇಕೆಂದರೆ ಅದೇ ಒಳ್ಳೆಯ ಕಾಲ. ನೆಟ್‌ವರ್ಕ್ ಬೇಕಾಗುವುದು ಎದುರುಬದುರು ಆಟಕ್ಕೆ ಮಾತ್ರ. ಜೂನ್ ಜುಲೈನಲ್ಲಿ ನಮ್ಮಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದು ಹೋಗುವಾಗ ತಮ್ಮನ ಜೊತೆ ಆಡಿ ಸೋತದ್ದನ್ನು ಸೋಲೆಂದು ಲೆಕ್ಕಕ್ಕೇ ಹಿಡಿಯಬೇಡಿ. ನೆಟ್ ಇಲ್ಲದೆಯೂ ನಡೆಯುವ ಆವೃತ್ತಿಯೊಂದನ್ನು ಈಗಲೇ ಇಳಿಸಿಟ್ಟುಕೊಳ್ಳಿ. ಕರೆಂಟ್ ಹೋದಾಗ ಫೋನನ್ನು ಬ್ಯಾಟರಿ ಉಳಿಸುವ ಮೋಡ್‌ಗೆ ಹಾಕಿ ಮಾತ್ರ ಆಡಬೇಡಿ, ಪರದೆ ತಡವರಿಸುತ್ತದೆ, ಕೈ ಕೆಡುತ್ತದೆ. ದಿನಕ್ಕೆ ಎರಡು ಆಟ ಸಾಕು. ಮೊದಲನೆಯದು 1ನೇ ಮಟ್ಟದಿಂದ, ಬಿಡಿ ಸಾಲು ಅಳಿಸುವುದಿಲ್ಲವೆಂದು ಹಟ ಹಿಡಿದು, ಸತ್ತರೂ ಸರಿ. ಎರಡನೆಯದು ನೇರ 10ನೇ ಮಟ್ಟದಿಂದ, ನಡು ಎತ್ತರದ ಆಕಾರ ಕಲಿಯಲು. ಕರೆಂಟೂ ಇಲ್ಲ, ಚಾರ್ಜೂ ಇಲ್ಲ ಅನ್ನುವ ದಿನ ಗೆರೆ ಪುಸ್ತಕದಲ್ಲಿ ಟಿ ಸಂದಿಗಳನ್ನು ಬರೆಯಿರಿ. ನಗಬೇಡಿ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ಈ ಆಟ ಕಟ್ಟಿದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲೂ ಬರುತ್ತಿರಲಿಲ್ಲ, ಅವರು ಆವರಣ ಚಿಹ್ನೆಗಳನ್ನೇ ಜೋಡಿಸಿ ಕಾಯಿ ಮಾಡಿದ್ದರು.

ಆಟ ಮುಗಿದಾಗ ಬರುವ ಪುಟದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಷ್ಟೆಷ್ಟು ಸಲ ಅಳಿಸಿದಿರಿ ಎಂಬ ಪಟ್ಟಿ ಇದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ ಎಣಿಸಿ. ಮುಂದಿನ ಪತ್ರದಲ್ಲಿ ನನಗೆ ಒಟ್ಟು ಅಂಕ ಬೇಡ. 10ನೇ ಮಟ್ಟ ದಾಟಿದ ಮೇಲೆ ಎಷ್ಟು ಟೆಟ್ರಿಸ್, ಎಷ್ಟು ಬಿಡಿ ಸಾಲು, ಆ ಎರಡು ಸಂಖ್ಯೆ ಕಳಿಸಿ.